ಕುಂಟೆಗೆ ಸುಣ್ಣ ಹಾಕಿದ ಮಂಗಳವಾರ

"ಇದು ಮೀನಿನ ಮುಳ್ಳಲ್ಲ ಕಣಮ್ಮ."

ಊರವರ ಬಾಯಲ್ಲಿ 'ಏಟಯ್ಯ' ಆಗಿದ್ದ ಹೆಡ್ ಕಾನ್‌ಸ್ಟೇಬಲ್ ಮುತ್ತರಾಯಪ್ಪ ತಿಪ್ಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಡ್ಡಿಯ ತುದಿಯಿಂದ ಏನನ್ನೋ ಹೊರಳಿಸಿದ. ಹೆಬ್ಬೆರಳಿನಷ್ಟು ದಪ್ಪದ ತಲೆ, ಮುರಿದ ಮೀಸೆ, ಉದ್ದನೆಯ ಒಂದು ಕೊಂಡಿಗಾಲು. ಒಂದಲ್ಲ, ಏಳೆಂಟು ತಲೆಗಳಿದ್ದವು. ಅವುಗಳಿಂದ ಒಂದು ಮೊಳ ಆಚೆ ಕಾಗೆಯೊಂದು ರೆಕ್ಕೆ ಅಗಲಿಸಿಕೊಂಡು ಸತ್ತು ಬಿದ್ದಿತ್ತು.

"ಇದು ಸೀಗಡಿ. ಶನಿವಾರ ಮೀನು ಸಾರು ಅಂದ್ಯಲ್ಲ?"

ಹಿತ್ತಿಲ ಬಾಗಿಲಿಗೆ ಒರಗಿ ಕೂತಿದ್ದ ಪಿಳ್ಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮೀನೂ ಇತ್ತು ಏಟಯ್ಯ."

"ಸೀಗಡಿ ಯಾರು ತಂದಿದ್ದು?"

"ಮಾವ ತಂದ್ರು."

"ಎಲ್ಲಿಂದ?"

"ನಂಗೊತ್ತಿಲ್ಲ. ಶನಿವಾರ ನಂದು ಒಪ್ಪತ್ತು. ಆ ಸಾರಿನ ಮಡಕೆ ನಾನು ಮುಟ್ಲೇ ಇಲ್ಲ."

ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಅವಳ ಮಾವ ನೀರುಗಂಟಿ ಸೊಣ್ಣಪ್ಪ, ಅತ್ತೆ ಗೋವಿಂದಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ಹೊರಳಾಡಿ ಸತ್ತಿದ್ದರು. ಪುಟ್ಟ ಕೆರೆಯಂಥ ಊರ ಕುಂಟೆಗೆ ಹಿಪ್ಪೆಬೀಜದ ಹಿಂಡಿ ಹಾಕಿಸಿ ಮೀನು ಕೊಂದ ಸರ್ಕಾರದ ಮೀನಿನ ಗುಮಾಸ್ತೆ ಸುಬ್ಬರಾಮನೇ ಈ ಎರಡು ಹೆಣಗಳಿಗೂ ಹೊಣೆ ಎಂದು ಅತ್ತಿಕುಂಟೆಯ ಊರೇ ಎದ್ದು ನಿಂತಿತ್ತು.

ಮುತ್ತರಾಯಪ್ಪ ಕಾಗೆಯನ್ನು ಕಡ್ಡಿಯಿಂದ ಸರಿಸಿದ. ಶನಿವಾರ ಆ ಕುಂಟೆಯ ಮೀನನ್ನು ನಲವತ್ತು ಮನೆಯವರು ಬೇಯಿಸಿ ತಿಂದಿದ್ದರು. ಯುದ್ಧ ಶುರುವಾಗಿ ಐದನೇ ವರ್ಷ, ರಾಗಿಗೂ ರೇಷನ್ ಚೀಟಿ, ಪುಕ್ಕಟೆ ಮೀನನ್ನು ಯಾರು ಬಿಟ್ಟಾರು? ನಲವತ್ತು ಮನೆಯ ತಿಪ್ಪೆಯಲ್ಲೂ ಮುಳ್ಳು ಬಿದ್ದಿತ್ತು. ಬೆಳಿಗ್ಗೆಯಿಂದ ಒಂದೊಂದನ್ನೂ ನೋಡಿಕೊಂಡು ಬಂದಿದ್ದ. ಎಲ್ಲೂ ಒಂದು ಕಾಗೆ ಸತ್ತಿರಲಿಲ್ಲ.

ಸೀಗಡಿಯ ತಲೆ ಇದ್ದದ್ದೂ ಈ ಒಂದು ತಿಪ್ಪೆಯಲ್ಲೇ.

ಎರಡು ತಲೆಗಳನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಎದ್ದ. ಎದ್ದವನು ಪಿಳ್ಳಮ್ಮನ ಮುಖ ನೋಡಿದ. ಇಪ್ಪತ್ತೆರಡು ವರ್ಷವಿರಬಹುದು. ಗಂಡ ಚಿನ್ನಸ್ವಾಮಿ ಎರಡು ವರ್ಷದ ಹಿಂದೆ ಪಟಾಲಂ ಸೇರಿ ಬರ್ಮಾ ಕಡೆ ಹೋದವನು, ಆಮೇಲೆ ಕಾಗದವಿಲ್ಲ. ಈಗ ಅತ್ತೆ ಮಾವನೂ ಇಲ್ಲ. ಅವಳು ಅಳುತ್ತಿರಲಿಲ್ಲ. ಕಿವಿಗೊಟ್ಟು ಕೂತಿದ್ದಳು, ಯಾರದೋ ಹೆಜ್ಜೆಗೆ ಕಾಯುವವಳ ಹಾಗೆ.

"ಇಲ್ಲೇ ಇರು. ಮತ್ತೆ ಬತ್ತೀನಿ," ಅಂದ ಮುತ್ತರಾಯಪ್ಪ.

* * *

ಕುಂಟೆಯ ಏರಿಯ ಮೇಲೆ ಕಾನ್‌ಸ್ಟೇಬಲ್ ಪಾಪಯ್ಯ ಲಾಠಿ ಊರಿಕೊಂಡು ನಿಂತಿದ್ದ. ಅವನ ಪಕ್ಕದಲ್ಲೇ, ಒಂದು ಕೈಗೆ ಬೇಡಿ ಹಾಕಿಸಿಕೊಂಡ ಸುಬ್ಬರಾಮ ಕೂಗಿ ಕೂಗಿ ಕೂಲಿಯವರಿಗೆ ಕೆಲಸ ಹೇಳುತ್ತಿದ್ದ.

ಎರಡು ರಾತ್ರಿ ಹೊಸೂರಿನ ಲಾಕಪ್ಪಿನಲ್ಲಿದ್ದವನು. ಶರ್ಟು ಮಾಸಿತ್ತು, ಗಡ್ಡ ಬಂದಿತ್ತು. ನಾಳೆ ಅವನನ್ನು ಕೃಷ್ಣಗಿರಿ ಕೋರ್ಟಿಗೆ ಒಪ್ಪಿಸಬೇಕೆಂದು ಸಬ್ ಇನ್ಸ್‌ಪೆಕ್ಟರ್ ಹುಕುಂ ಮಾಡಿದ್ದರು. ಅವನು ಬೇಡಿಕೊಂಡದ್ದು ಒಂದೇ. ಸೇಲಂ ಕಡೆಯಿಂದ ಮೀನಿನ ಮರಿಗಳು ಮಡಕೆಗಳಲ್ಲಿ ಲಾರಿ ಹತ್ತುವ ದಿನ ನಿಗದಿಯಾಗಿಹೋಗಿದೆ. ಅಷ್ಟರೊಳಗೆ ಕುಂಟೆ ತಯಾರಾಗದಿದ್ದರೆ ಇಪ್ಪತ್ತು ಸಾವಿರ ಮರಿ ಮಡಕೆಯಲ್ಲೇ ಸಾಯುತ್ತವೆ. ಸುಣ್ಣವೊಂದನ್ನು ಹಾಕಿಸಿಬಿಡುತ್ತೇನೆ ಎಂದಿದ್ದ. ಮುತ್ತರಾಯಪ್ಪ ತನ್ನ ಜವಾಬ್ದಾರಿಯ ಮೇಲೆ ಕರೆತಂದಿದ್ದ. ಊರಿನವರು ಯಾರೂ ಕೆಲಸಕ್ಕೆ ಬಾರದೆ, ಮೂಕಂಡಪಲ್ಲಿಯಿಂದ ಹತ್ತು ಹನ್ನೆರಡು ಜನ ಕೂಲಿಯವರನ್ನು ಕರೆಸಿದ್ದಾಗಿತ್ತು.

ಕುಂಟೆಯ ನೀರನ್ನೆಲ್ಲ ತೂಬಿನಿಂದ ಹೊರಕ್ಕೆ ಬಿಟ್ಟಿದ್ದರು. ತಳ ಬಿಸಿಲಿಗೆ ಬಿರಿಯತೊಡಗಿತ್ತು. ಕೂಲಿಯವರು ಸುಟ್ಟ ಸುಣ್ಣವನ್ನು ಮಂಕರಿಯಲ್ಲಿ ಹೊತ್ತು ತಂದು ಕರಿ ಮಣ್ಣಿನ ಮೇಲೆ ಎರಚುತ್ತಿದ್ದರು. ಕಣ್ಣೊಂದು ಬಿಟ್ಟು ಮುಖಕ್ಕೆಲ್ಲ ಬಟ್ಟೆ ಕಟ್ಟಿಕೊಂಡಿದ್ದರು. ಗಾಳಿ ಬೀಸಿದಾಗಲೆಲ್ಲ ಬಿಳಿ ಧೂಳು ಎದ್ದು ಗಂಡು ಹೆಣ್ಣು ಗೊತ್ತಾಗದ ಹಾಗೆ ಅವರನ್ನು ಮುಚ್ಚಿಬಿಡುತ್ತಿತ್ತು.

ಮುತ್ತರಾಯಪ್ಪ ಎಲೆ ಬಿಚ್ಚಿ ಹಿಡಿದ. "ಇದು ಈ ಕುಂಟೆದಾ?"

ಸುಬ್ಬರಾಮ ಬಗ್ಗಿ ನೋಡಿದ. ಹೊಸೂರಿನ ವೈದಿಕರ ಮನೆಯ ಹುಡುಗ, ಮೀನನ್ನು ಬಾಯಿಗಿಟ್ಟವನಲ್ಲ. ಕೆಲಸದಿಂದ ಮನೆಗೆ ಹೋದರೆ ತಾಯಿ ಅಂಬುಜಮ್ಮ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿಯದೆ ಒಳಗೆ ಬಿಡುತ್ತಿರಲಿಲ್ಲ. ಆದರೆ ನೀರಿನಲ್ಲಿ ಹುಟ್ಟುವ ಜೀವಗಳ ವಿಷಯ ಬಂದರೆ ಅವನ ಕಣ್ಣು ಬೇರೆಯೇ ಆಗುತ್ತಿತ್ತು.

"ಖಂಡಿತ ಅಲ್ಲ. ಇಲ್ಲಿಯದು ಭತ್ತದ ಕಾಳಿಗಿಂತ ಒಂಚೂರು ದೊಡ್ಡದು, ಅಷ್ಟೇ. ಇದು ಹೊಳೆ ಸೀಗಡಿ. ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಕಾಡಿನ ಆಚೆ ಹೋದರೆ ಹೊಳೆಯಲ್ಲಿ ಸಿಗುತ್ತೆ." ಉಗುರಿನಿಂದ ಚಿಪ್ಪು ಕೆರೆದ. "ಉಪ್ಪು ಹಾಕಿ ಒಣಗಿಸಿದ್ದಾರೆ. ವಾರದ ಮೇಲಾಗಿದೆ."

"ಮುಟ್ಟಿದ ಕೈ ತೊಳ್ಕೋ. ಅದರ ಮ್ಯಾಲಿರೋದೆಲ್ಲ ಉಪ್ಪೇ ಅಂತ ಹೇಳೋಕಾಗಲ್ಲ."

ಸುಬ್ಬರಾಮ ಗಾಬರಿಯಿಂದ ಕೈಯನ್ನು ಪಂಚೆಗೆ ಒರೆಸಿಕೊಂಡ. ಹೊಸೂರಿನ ಡಾಕ್ಟರು ಹೆಣ ಕೊಯ್ದು ನೋಡಿ, ಪಾಷಾಣದ ಗುಮಾನಿ ಇದೆ ಎಂದಿದ್ದರು. ಪಾಷಾಣವೂ ಬಿಳಿ ಪುಡಿಯೇ. ಮದ್ರಾಸಿನಿಂದ ಖಚಿತ ವರದಿ ಬರಲು ತಿಂಗಳು ಬೇಕು. ಸಬ್ ಇನ್ಸ್‌ಪೆಕ್ಟರಿಗೆ ಅಷ್ಟು ತಾಳ್ಮೆ ಇರಲಿಲ್ಲ.

"ಇನ್ನೊಂದು ಮಾತು ಹೇಳು. ಹಿಪ್ಪೆ ಹಿಂಡಿ ಹಾಕ್ದಾಗ ಕುಂಟೇಲಿರೋ ಸೀಗಡಿ ಸತ್ತು ತೇಲ್ತವಾ?"

"ಯಾರು ಹಾಗಂದಿದ್ದು?" ಸುಬ್ಬರಾಮನ ಧ್ವನಿ ಏರಿತು. "ಮರಿ ಬಿಡೋಕೆ ಮುಂಚೆ ಹಿಂಡಿ ಹಾಕೋದು ಯಾಕೆ? ತಳದಲ್ಲಿ ಅಡಗಿರೋ ಕೊರಮೀನು ಸಾಯಬೇಕು, ಇಲ್ಲದಿದ್ದರೆ ಬಿಟ್ಟ ಮರೀನೆಲ್ಲ ನುಂಗಿಹಾಕುತ್ತೆ. ಹಿಂಡಿ ಮೀನಿನ ರಕ್ತ ಕೆಡಿಸುತ್ತೆ. ಆ ಮೀನು ತಿಂದ ಮನುಷ್ಯನಿಗೆ ಏನೂ ಆಗಲ್ಲ, ಸೀಗಡಿಗಂತೂ ಏನೇನೂ ಆಗಲ್ಲ. ಬನ್ನಿ, ತೋರಿಸ್ತೀನಿ."

ತೂಬಿನ ಬಾಯಲ್ಲಿ ಒಂದು ಹಳ್ಳ ಮಾತ್ರ ಉಳಿದಿತ್ತು. ಸುಣ್ಣ ಇನ್ನೂ ಅಲ್ಲಿಯವರೆಗೆ ಬಂದಿರಲಿಲ್ಲ. ನೀರು ಹಿಂಡಿಯ ಕಂದು ಬಣ್ಣಕ್ಕೆ ತಿರುಗಿ ನಾರುತ್ತಿತ್ತು. ಸುಬ್ಬರಾಮ ಬೇಡಿಯಿಲ್ಲದ ಕೈಯನ್ನು ನೀರಿಗೆ ಇಳಿಬಿಟ್ಟು ಅಂಗೈ ತುಂಬ ನೀರು ಎತ್ತಿದ.

ಅಂಗೈಯ ಕೊಳಕು ನೀರಿನಲ್ಲಿ ಗಾಜಿನ ಚೂರಿನಂಥ ಐದಾರು ಸೀಗಡಿಗಳು ಪಟಪಟನೆ ಹಾರಾಡುತ್ತಿದ್ದವು.

"ಶನಿವಾರದಿಂದ ಇದೇ ನೀರಲ್ಲಿವೆ," ಅಂದ ಸುಬ್ಬರಾಮ.

ಮುತ್ತರಾಯಪ್ಪ ಪಾಪಯ್ಯನ ನೀರಿನ ಚೊಂಬನ್ನು ಕೇಳಿ ಪಡೆದ. ಅದರಲ್ಲಿದ್ದ ನೀರು ಚೆಲ್ಲಿ, ಹಳ್ಳದ ನೀರು ತುಂಬಿಸಿ, ಸೀಗಡಿಗಳನ್ನು ಅದರೊಳಗೆ ಬಿಡಿಸಿಕೊಂಡ. ಸುಬ್ಬರಾಮನ ಬೇಡಿಯನ್ನು ಬಿಚ್ಚಿದ.

"ಓಡಿ ಹೋಗ್ಬೇಡ."

"ಸುಣ್ಣ ಅರ್ಧ ಆಗಿದೆ. ಎಲ್ಲಿಗೆ ಓಡಲಿ?" ಅಂದ ಹುಡುಗ.

"ಪಾಪಯ್ಯ, ನನ್ ಜತೆ ಬಾ."

* * *

ಆವುಲಪ್ಪ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಊರಿಗೆಲ್ಲ ದೊಡ್ಡವನು, ಸತ್ತ ಗೋವಿಂದಮ್ಮನ ತಮ್ಮ. ಎರಡು ದಿನದಲ್ಲಿ ಮುಖ ಇಳಿದುಹೋಗಿತ್ತು. ಪಾಪಯ್ಯನ ಹಿಂದೆ ಪಿಳ್ಳಮ್ಮ ಬಂದು ಜಗಲಿಯ ಕೆಳಗೆ ನಿಂತದ್ದನ್ನು ಕಂಡು ಹುಬ್ಬು ಗಂಟು ಹಾಕಿದ.

"ಸಾವಿನ ಮನೆ ಹೆಣ್ಮಗಳನ್ನ ಬೀದೀಲಿ ಯಾಕೆ ನಡೆಸ್ಕೊಂಡು ಬಂದ್ರಿ ಏಟಯ್ಯ?"

"ಕೆಲ್ಸ ಐತೆ ಗೌಡ್ರೇ. ನೀವು ಸ್ಟೇಷನ್ನಿಗೆ ಬರ್ಕೊಟ್ಟಿದ್ದೀರಲ್ಲ, ಅದನ್ನ ನಿಮ್ ಬಾಯಲ್ಲಿ ಇನ್ನೊಂದ್ಸಲ ಕೇಳ್ಬೇಕು."

"ಎಷ್ಟ್ ಸಲ? ಶನಿವಾರ ಸಾಯಂಕಾಲ ಕುಂಟೇಲಿ ಸೀಗಡಿ ಸತ್ತು ತೇಲ್ತಿದ್ವು. ನಮ್ ಭಾವ ಟವಲ್ಲಿಗೆ ತುಂಬ್ಕೊಂಡ. ಬ್ಯಾಡ ಭಾವ ಅಂದೆ. ಕೇಳ್ಲಿಲ್ಲ. ನಾನೇ ಕಣ್ಣಾರೆ ನೋಡ್ದೆ."

ಮುತ್ತರಾಯಪ್ಪ ಚೊಂಬನ್ನು ಅವನ ಮುಂದೆ ಇಟ್ಟ.

"ನೋಡಿ."

ಆವುಲಪ್ಪ ಬಗ್ಗಿದ. ಕಂದು ನೀರಿನಲ್ಲಿ ಒಂದು ಸೀಗಡಿ ಮೇಲೆ ಬಂತು, ಬಾಲ ಬಡಿದು ಕೆಳಗೆ ಹೋಯಿತು. ಇನ್ನೊಂದು ಬಂತು.

"ಹಿಂಡಿ ಹಾಕಿ ಮೂರ್ ದಿನ ಆಯ್ತು. ಇವು ಇನ್ನೂ ಆಡ್ತಾ ಅವೆ. ಹಿಪ್ಪೆಗೆ ಸೀಗಡಿ ಸಾಯಲ್ಲ ಗೌಡ್ರೇ. ನೀವು ಯಾವ ಸೀಗಡಿ ತೇಲಿದ್ದು ನೋಡಿದ್ರಿ?"

ಆವುಲಪ್ಪ ಚೊಂಬಿನಿಂದ ಕಣ್ಣು ತೆಗೆಯಲಿಲ್ಲ.

"ಊರೆಲ್ಲ ಮೀನು ಮೀನು ಅಂತಿತ್ತು. ಸಬ್ ಇನ್ಸ್‌ಪೆಕ್ಟ್ರೂ ಮೀನು ಅಂದ್ರು. ಸೀಗಡಿ ಅಂತ ಯಾರೂ ಕೇಳ್ಲಿಲ್ಲ, ನೀವೊಬ್ರೇ ಬರೆದಿದ್ದು. ಆ ಮನೆ ಒಲೆ ಮೇಲೆ ಏನ್ ಬೇಯ್ತು ಅಂತ ನಿಮ್ಗೆ ಹೆಂಗ್ ಗೊತ್ತಾಯ್ತು? ತಿಂದೋರಿಗೆ ಗೊತ್ತಿತ್ತು, ಅವ್ರು ಸತ್ರು. ಇನ್ ಗೊತ್ತಿರ್ಬೇಕಾದ್ದು ಕೊಟ್ಟೋರಿಗೆ."

"ನಾನಾ?" ಆವುಲಪ್ಪ ಎದ್ದುನಿಂತ. "ನಮ್ಮಕ್ಕಂಗೆ ನಾನು ಇಸ ಇಕ್ತೀನಾ? ತಾಯಿ ಸತ್ತಾಗ ನಂಗೆ ನಾಕ್ ವರ್ಷ. ಅವಳ ಕಂಕುಳಲ್ಲೇ ಬೆಳೆದೋನು ನಾನು!"

"ಹಂಗಾದ್ರೆ ನಿಜ ಹೇಳಿ. ನಾಳೆ ಒಬ್ಬ ಹುಡುಗ ಕೋರ್ಟಿಗೆ ಹೋಗ್ತಾನೆ, ನಿಮ್ ಬರವಣಿಗೆ ಮ್ಯಾಲೆ."

ಆವುಲಪ್ಪ ಮತ್ತೆ ಕುಸಿದು ಕೂತ.

"ಭಾನುವಾರ ಬೆಳಗಿನ ಜಾವ ಓಡಿ ಹೋದೆ. ಭಾವ ಆಗ್ಲೇ ಹೋಗ್ಬುಟ್ಟಿದ್ದ. ಅಕ್ಕನ ತಲೆ ತೊಡೆ ಮ್ಯಾಲೆ ಇಟ್ಕೊಂಡೆ. ಅವಳು... ನಗ್ತಿದ್ಲು ಕಣಯ್ಯ. 'ಚಿನ್ನಸ್ವಾಮಿ ಬಂದಿದ್ದ ಕಣ್ಲಾ. ಸೀಗಡಿ ತಂದಿದ್ದ. ಯಾರ್ಗೂ ಹೇಳ್ಬ್ಯಾಡ, ಹಿಡ್ಕೊಂಡ್ ಹೋಗ್ತಾರೆ' ಅಂದ್ಲು. ಸಾಯ್ತಾ ಇದ್ದೀನಿ ಅಂತ ಅವಳಿಗೆ ಗ್ಯಾನವೇ ಇರ್ಲಿಲ್ಲ. ಮಗ ಬಂದಿದ್ನಲ್ಲ ಅಂತ ಅಷ್ಟೇ."

ಪಾಪಯ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪಟಾಲಂ ಬಿಟ್ಟು ಓಡಿ ಬಂದೌನೆ. ಅದೇ ಒಂದ್ ತಪ್ಪು. ಹೆತ್ತೋರಿಗೆ ಇಸ ಇಕ್ಕಿದ ಅಂತಾನೂ ಆದ್ರೆ ನೇಣು. ಯಾಕ್ ಇಕ್ಕಿದ್ನೋ, ಯಾವ ಕೇಡುಗಾಲಕ್ಕೆ ಇಕ್ಕಿದ್ನೋ, ನಂಗ್ ತಿಳೀಲಿಲ್ಲ. ಅಕ್ಕ ಕೇಳ್ಕೊಂಡಿದ್ದು ಒಂದೇ ಮಾತು. ಅದನ್ನ ನಡೆಸ್ಕೊಟ್ಟೆ. ನೀವು ಸೀಗಡಿ ಚಿಪ್ಪು ಕಂಡ್ರೆ ಕೇಳ್ತೀರಿ ಅಂತ ಕುಂಟೆ ಮ್ಯಾಲೆ ಹಾಕ್ದೆ."

"ಅದಕ್ಕೆ ಸುಬ್ಬರಾಮನ ಕುತ್ತಿಗೆ ಕೊಟ್ರಾ?"

ಆವುಲಪ್ಪ ಚೊಂಬನ್ನು ಕೈಯಿಂದ ದೂರ ತಳ್ಳಿದ.

ಜಗಲಿಯ ಕೆಳಗಿನಿಂದ ಸಣ್ಣ ದನಿ ಬಂತು.

"ಇಸ ಇದ್ದಿದ್ದು ಮೀನಲ್ಲಿ ಅಲ್ವಾ ಏಟಯ್ಯ?"

ಮುತ್ತರಾಯಪ್ಪ ತಿರುಗಿದ. ಪಿಳ್ಳಮ್ಮ ಕಂಬ ಹಿಡಿದು ನಿಂತಿದ್ದಳು. ತುಟಿ ಬಿಳಿಚಿಕೊಂಡಿತ್ತು.

"ಅಲ್ಲ ಕಣಮ್ಮ. ಮೀನನ್ನ ಊರೇ ತಿಂದೈತೆ."

"ಸೀಗಡೀಲಾ?"

"ಹೂಂ."

ಅವಳು ನಿಂತಲ್ಲೇ ಕೂತುಬಿಟ್ಟಳು. "ನಮ್ಮನೆಯೋರು ಶನಿವಾರ ಮಧ್ಯಾಹ್ನ ಹಿತ್ತಿಲಿಂದ ಬಂದ್ರು. ಕಾಡಲ್ಲಿದ್ದೆ ಅಂದ್ರು. ಗಡ್ಡ, ಮೂಳೆ. ಎಲೆ ಪೊಟ್ಟಣ ನನ್ ಕೈಗೆ ಕೊಟ್ರು." ಅವಳು ಆವುಲಪ್ಪನ ಕಡೆ ನೋಡದೆ ಹೇಳುತ್ತಿದ್ದಳು. "'ಇದು ಆವುಲಪ್ಪ ಚಿಕ್ಕಮಾವಂಗೆ. ಹೊಳೆ ಸೀಗಡಿ ಅಂದ್ರೆ ಅವ್ರಿಗೆ ಪ್ರಾಣ. ನಾನು ಬಂದಿದ್ದೆ ಅನ್ಬ್ಯಾಡ, ಅವ್ವ ಕೊಟ್ಲು ಅನ್ನು. ನೀವ್ಯಾರೂ ಮುಟ್ಬ್ಯಾಡಿ, ಅವ್ರಿಗೇ ಸಾಲಲ್ಲ' ಅಂತ ಹೇಳಿ ಹೊರಟೋದ್ರು."

ಪಾಪಯ್ಯ ಆವುಲಪ್ಪನ ಕಡೆ ತಿರುಗಿದ.

"ಅತ್ತೆ ಕೇಳ್ಲಿಲ್ಲ. ಮಗ ತಂದಿದ್ದು ಒಂದ್ ಹಿಡಿ ನಾವೂ ತಿನ್ನಾನ ಅಂತ ತೆಗ್ದು ಇಟ್ಕೊಂಡ್ರು. ಮೀನಿಗೇ ಹಾಕಿ ಬೇಯ್ಸಿದ್ರು. ನಾನು ಹಿಂಡಿ ಇಸ ಅಂತಾನೇ ತಿಳ್ಕೊಂಡಿದ್ದೆ. ದೇವ್ರಾಣೆ ಏಟಯ್ಯ, ಈಗ ನೀವು ಹೇಳೋಗಂಟ ಹಂಗೇ ತಿಳ್ಕೊಂಡಿದ್ದೆ."

"ಮಿಕ್ಕಿದ್ದು?" ಮುತ್ತರಾಯಪ್ಪನ ದನಿ ಗಟ್ಟಿಯಾಯಿತು. "ಪೊಟ್ಟಣದಲ್ಲಿ ಮಿಕ್ಕಿದ್ದು ಏನಾಯ್ತು?"

"ಶನಿವಾರ ಸಂಜೇನೇ ತಂದು ಇಲ್ಲಿ ಚಿಕ್ಕತ್ತೆ ಕೈಗೆ ಕೊಟ್ಟೆ."

ಆವುಲಪ್ಪ ಸೋದರಳಿಯನನ್ನು ಉಳಿಸಲು ಸುಳ್ಳು ಬರೆದಿದ್ದ. ಆ ಅಳಿಯ ಸಾಯಿಸಲು ಬಂದದ್ದು ಅವನನ್ನೇ.

"ಅವನನ್ನ ಪಟಾಲಂಗೆ ಬರೆಸಿದ್ದು ನಾನು," ಅಂದ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ. "ಅವನು ಹೋಗಲ್ಲ ಅಂದ. ಕಾಲು ಕಟ್ಟಿಕೊಂಡ..."

ಮುತ್ತರಾಯಪ್ಪ ಆಗಲೇ ಒಳಗೆ ಹೋಗಿದ್ದ.

* * *

ಅಡುಗೆಮನೆಯಲ್ಲಿ ಆವುಲಪ್ಪನ ಹೆಂಡತಿ ಅಕ್ಕಯಮ್ಮ ಒಲೆಯ ಬೂದಿ ತೆಗೆಯುತ್ತಿದ್ದಳು. ಪೊಲೀಸಿನವನು ಬೂಟು ಹಾಕಿಕೊಂಡು ನುಗ್ಗಿದ್ದಕ್ಕೆ ಬೆಚ್ಚಿ ಗೋಡೆಗೆ ಸರಿದಳು.

"ಒಣ ಸೀಗಡಿ ಪೊಟ್ಟಣ ಎಲ್ಲಮ್ಮ? ಶನಿವಾರ ಪಿಳ್ಳಮ್ಮ ತಂದ್ಕೊಟ್ಟಿದ್ದು?"

"ಅದಾ? ನಾದಿನಿ ಹೆಣ ಎತ್ತಿದ ಮ್ಯಾಲೆ ಅವಳು ಕಳ್ಸಿದ್ದು ಬಾಯಿಗೆ ಹೋಗ್ತದಾ ಸ್ವಾಮಿ? ಅಟ್ಟದ ಮ್ಯಾಲೆ ಇಟ್ಟಿದ್ದೆ. ಇಟ್ರೆ ಹುಳ ಬೀಳ್ತದಲ್ಲ."

"ಎಲ್ಲೈತೆ?"

"ಇವತ್ತು ಕುಂಟೆ ಕೂಲಿಯೋರ ಊಟ ನಮ್ಮನೆ ಸರದಿ. ಬದನೆಕಾಯಿ ಜತೆ ಸಾರಿಗೆ ಹಾಕ್ಬುಟ್ಟೆ. ಆಳು ಹೊತ್ಕೊಂಡು ಹೋಗಿ ಆಗ್ಲೇ..." ಅವಳು ಅಂಗಳದ ಬಿಸಿಲು ನೋಡಿದಳು. "ಊಟಕ್ಕೆ ಕೂತಿರ್ಬೇಕು."

ಮುತ್ತರಾಯಪ್ಪ ಬಂದಷ್ಟೇ ವೇಗದಲ್ಲಿ ಹೊರಗೆ ಹಾರಿದ.

"ಪಾಪಯ್ಯ, ಓಡು! ಕುಂಟೆಗೆ!"

ಊರಿನಿಂದ ಕುಂಟೆಗೆ ಗಾಡಿದಾರಿಯಲ್ಲಿ ಅರ್ಧ ಮೈಲಿ. ನಲವತ್ತೆಂಟು ವರ್ಷದ ಮುತ್ತರಾಯಪ್ಪ ಹತ್ತು ವರ್ಷದಿಂದ ಹಾಗೆ ಓಡಿರಲಿಲ್ಲ. ಎದೆ ಉರಿಯಿತು. ಪಾಪಯ್ಯ ಮುಂದೆ ಓಡುತ್ತ ಕೂಗುತ್ತಿದ್ದ, "ತಿನ್ಬ್ಯಾಡ್ರೋ! ಸಾಪ್ಪಿಡಾದೀಂಗ! ತಿನಕಂಡಿ!" ಕನ್ನಡ, ತಮಿಳು, ತೆಲುಗು, ಬಾಯಿಗೆ ಬಂದದ್ದರಲ್ಲಿ. ಬಯಲಿನಲ್ಲಿ ಆ ಕೂಗು ಎಲ್ಲೂ ತಾಗದೆ ಹೋಗುತ್ತಿತ್ತು.

ಏರಿ ಹತ್ತಿದಾಗ ಹೊಂಗೆಮರದ ಕೆಳಗೆ ಕೂಲಿಯವರು ಕಂಡರು. ಸಾಲಾಗಿ ಎಲೆ ಹಾಸಿತ್ತು. ಎಲೆಯ ಮೇಲೆ ಮುದ್ದೆ ಇತ್ತು. ಆದರೆ ಯಾರೂ ಕೂತಿರಲಿಲ್ಲ. ಎಲ್ಲರೂ ಎದ್ದುನಿಂತು ಒಟ್ಟಿಗೇ ಬೈಯುತ್ತಿದ್ದರು. ಸಾರಿನ ಮಡಕೆ ಮೂರು ಚೂರಾಗಿ ಬಿದ್ದಿತ್ತು. ಸಾರು ಹರಿದು ಸುಣ್ಣದ ಪುಡಿಗೆ ಸೇರಿ ಬುಸುಗುಡುತ್ತಿತ್ತು.

"ಯಾರಾದ್ರೂ ತಿಂದ್ರಾ?" ಮುತ್ತರಾಯಪ್ಪ ಏದುಸಿರಿನಲ್ಲಿ ಕೇಳಿದ. "ಒಂದು ತುತ್ತಾದ್ರೂ? ಬೆರಳು ನೆಕ್ಕಿದ್ರಾ?"

"ತಿನ್ನೋಕೆ ಎಲ್ಲಿ ಬಿಟ್ಟ ಸ್ವಾಮಿ ಆ ಪಾಪಿ!" ಸುಣ್ಣ ಮೆತ್ತಿದ ಮುದುಕಿಯೊಬ್ಬಳು ಕೂಗಿದಳು. "ಸೌಟು ಹಾಕಿದ್ರು ಅಷ್ಟೇ. ಸೀಗಡಿ ಮೇಲಕ್ ಬಂತು. ಅದನ್ ಕಂಡಿದ್ದೇ ತಡ, ಎದ್ದೋನೇ ಮಡಕೆ ಒದ್ದುಬುಟ್ಟ. ಹಸಿದ ಹೊಟ್ಟೆ ಮ್ಯಾಲೆ ಒದ್ದುಬುಟ್ಟ!"

ಮುತ್ತರಾಯಪ್ಪ ಪಾಪಯ್ಯನ ಭುಜ ಹಿಡಿದುಕೊಂಡ. "ಯಾರು ಒದ್ದಿದ್ದು?"

ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಸುಬ್ಬರಾಮ ಮುಂದೆ ಬಂದ. ಅವನ ಮುಖವೂ ಬಿಳಿಚಿಕೊಂಡಿತ್ತು.

"ಇವರ ಊರಿನವನಲ್ಲ. ಬೆಳಿಗ್ಗೆ ತಾನಾಗೇ ಬಂದು ಕೆಲಸ ಕೇಳಿದ. ಸುಣ್ಣ ಹೊರೋಕೆ ಯಾರೂ ಸಿಗಲ್ಲ, ಸರಿ ಅಂದೆ. ಮುಖದ ಬಟ್ಟೆ ಬಿಚ್ಚಲೇ ಇಲ್ಲ, ನೀರು ಕುಡಿಯೋಕೂ ಬಿಚ್ಚಲಿಲ್ಲ. ಎಲ್ಲರಿಗಿಂತ ಜಾಸ್ತಿ ಹೊತ್ತ. ಮಡಕೆ ಒದ್ದ ಮೇಲೆ ಊಟ ತಂದ ಆಳನ್ನ ಹಿಡಿದು, ಇದು ಯಾರ ಮನೆ ಸಾರು ಅಂತ ಕೇಳಿದ. ಅವನು ಹೇಳಿದ."

"ಏನಂತ?"

"ಆವುಲಪ್ಪನವರ ಮನೆಯದು, ಗೌಡರು ತಿನ್ನಲಿಲ್ಲ, ಅದಕ್ಕೆ ನಿಮಗೆ ಹಾಕಿದ್ದಾರೆ ಅಂತ."

ಮುತ್ತರಾಯಪ್ಪ ಕುಂಟೆಯ ಕಡೆ ನೋಡಿದ. ಬಿಳಿ ತಳದ ಮೇಲೆ ಹೊಸ ಹೆಜ್ಜೆಗಳು ಮೂಡಿದ್ದವು, ದೂರ ದೂರ, ಓಡಿದವನ ಹೆಜ್ಜೆಗಳು. ಅವು ಗಾಡಿದಾರಿಗೆ ಬಂದಿರಲಿಲ್ಲ. ಕುಂಟೆಯನ್ನು ಅಡ್ಡ ದಾಟಿ, ಗದ್ದೆಯ ಬದು ಹತ್ತಿ, ಊರಿನವರಿಗೆ ಮಾತ್ರ ಗೊತ್ತಿರುವ ಒಳದಾರಿಗೆ ಇಳಿದಿದ್ದವು.

"ಕೈಯಲ್ಲಿ ಏನಿತ್ತು?" ಎಂದು ಕೇಳಿದ.

"ಸನಿಕೆ," ಅಂದಳು ಮುದುಕಿ.

ಚಿನ್ನಸ್ವಾಮಿ ಓಡಿದ್ದು ಮಾವನ ಮನೆಗೆ; ಆ ಜಗಲಿಯ ಮೇಲೆ ಈಗ ಇದ್ದವನು ಆವುಲಪ್ಪ. ಕೆಳಗೆ ಪಿಳ್ಳಮ್ಮ. ಕಾವಲಿಗೆ ಇದ್ದ ಒಬ್ಬನೇ ಕಾನ್‌ಸ್ಟೇಬಲನ್ನು ಮುತ್ತರಾಯಪ್ಪ ತಾನೇ ಇಲ್ಲಿಗೆ ಓಡಿಸಿಕೊಂಡು ಬಂದಿದ್ದ.

ಅವನು ತಿರುಗಿ ಓಡಲು ಕಾಲು ಎತ್ತುವಷ್ಟರಲ್ಲೇ ಊರಿನ ಕಡೆಯಿಂದ ಹೆಂಗಸೊಬ್ಬಳ ಕೂಗು ಕೇಳಿಸಿತು.